ಪಾಶ್ಚಾತ್ಯ ಚಿಂತನೆಯಲ್ಲಿ ಮನರಂಜನೆಯ ಮೇಲೇಕೆ ಇಷ್ಟು ಅನುಮಾನ?

ಓದುಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳುಗಳಿಂದ ಪಾಶ್ಚಾತ್ಯ ತತ್ತ್ವಶಾಸ್ತ್ರದ ಗ್ರಂಥಗಳನ್ನು ಅನುವಾದಗಳ ಮೂಲಕ ಓದುತ್ತಿದ್ದೇನೆ. ಜನ ನಾಟಕ, ಆಟ, ಹಾಡು, ಕುಣಿತಗಳಲ್ಲಿ ನಕ್ಕು ನಲಿದು ಹೊತ್ತು ಕಳೆದರೆ ಅಲ್ಲಿನ ಚಿಂತಕರು ಅದಕ್ಕೊಂದು ಸಮಜಾಯಿಷಿ ಕೇಳದೆ ಬಿಡುವುದಿಲ್ಲ ಎನ್ನಿಸುತ್ತಿದೆ. ಅರಿಸ್ಟಾಟಲ್‌ಗೆ ಅದು ದುಡಿದು ದಣಿದವನು ಸೇವಿಸುವ ಔಷಧ. ಹದಿನೇಳನೆಯ ಶತಮಾನದ ಫ್ರೆಂಚ್ ಚಿಂತಕ ಪಾಸ್ಕಲ್‌ಗೆ ಅದು ಮನುಷ್ಯ ತನ್ನಿಂದಲೇ ತಪ್ಪಿಸಿಕೊಳ್ಳಲು ಹುಡುಕಿಕೊಂಡ ದಾರಿ. ಇಪ್ಪತ್ತನೆಯ ಶತಮಾನದ ಜರ್ಮನ್ ಚಿಂತಕರಾದ ಅಡಾರ್ನೊ ಮತ್ತು ಹೋರ್ಕ್‌ಹೈಮರ್ ಅವರಂತೂ ಅದನ್ನು ದುಡಿಮೆಯದೇ ಮುಂದುವರಿಕೆ ಎಂದುಬಿಟ್ಟರು.

ನನ್ನ ಪ್ರಶ್ನೆ ಇದು. ಮನರಂಜನೆಗೆ ತನ್ನದೇ ಆದ ಬೆಲೆಯಿದೆ ಎಂದು ಒಪ್ಪಿಕೊಂಡವರು ಆ ಪರಂಪರೆಯಲ್ಲಿ ಯಾರೂ ಇಲ್ಲವೇ? ಹಾಲಿವುಡ್ಡನ್ನೂ ಫುಟ್‌ಬಾಲ್ ಲೀಗ್‌ಗಳನ್ನೂ ಜಗತ್ತಿಗೆಲ್ಲ ಹಂಚಿದ ಸಂಸ್ಕೃತಿಯೇ ತನ್ನ ಪುಸ್ತಕಗಳಲ್ಲಿ ಅವುಗಳ ಬಗ್ಗೆ ಮೂಗು ಮುರಿಯುವುದೇಕೆ? ಭರತನ ರಸವಿಚಾರದೊಂದಿಗೆ ಹೋಲಿಸುವ ಆಸೆ ನನಗೂ ಇದೆ. ಆದರೆ ಅದನ್ನು ಎಳೆದು ತಂದರೆ ಚರ್ಚೆ ದಿಕ್ಕು ತಪ್ಪುತ್ತದೆ. ದಯವಿಟ್ಟು ಪಶ್ಚಿಮದ ಮಟ್ಟಿಗೇ ಇಟ್ಟುಕೊಳ್ಳೋಣ.

ರಂಗಾಸಕ್ತ

ಓದುಮನೆ ಅವರೇ, ಈ ಮೂವರನ್ನು ಒಂದೇ ಸಾಲಿನಲ್ಲಿ ಕೂರಿಸುವ ಮೊದಲು ಅರಿಸ್ಟಾಟಲ್‌ನನ್ನು ಸ್ವಲ್ಪ ನಿಧಾನವಾಗಿ ಓದಬೇಕು. ‘ನಿಕೊಮಾಕಿಯನ್ ಎಥಿಕ್ಸ್’ನ ಹತ್ತನೆಯ ಭಾಗದಲ್ಲಿ ಅವನು ಹೇಳುವುದು ಇಷ್ಟು: ವಿನೋದವೇ ಬಾಳಿನ ಗುರಿಯಾಗಿದ್ದರೆ ಮನುಷ್ಯ ಬರೀ ಆಟವಾಡುವುದಕ್ಕೋಸ್ಕರ ಜೀವಮಾನವಿಡೀ ಕಷ್ಟಪಟ್ಟಂತಾಗುತ್ತದೆ, ಅದು ಹುಡುಗಾಟಿಕೆ, ಎಡೆಬಿಡದೆ ದುಡಿಯಲು ಆಗದಿರುವುದರಿಂದ ನಮಗೆ ವಿಶ್ರಾಂತಿ ಬೇಕು, ವಿನೋದ ಆ ವಿಶ್ರಾಂತಿಯ ಒಂದು ಬಗೆ. ‘ಪಾಲಿಟಿಕ್ಸ್’ನ ಎಂಟನೆಯ ಭಾಗದಲ್ಲಿ ಈ ಮಾತಿನ ಮೇಲೆ ಇನ್ನೊಂದು ಅಂತಸ್ತು ಏಳುತ್ತದೆ. ಅಲ್ಲಿ ಕೆಳಗೆ ದುಡಿಮೆ, ಅದರ ಪಕ್ಕದಲ್ಲೇ ದುಡಿಮೆಯ ದಣಿವಾರಿಸುವ ವಿನೋದ, ಇವೆರಡಕ್ಕೂ ಮೇಲೆ ಬಿಡುವು. ಬಿಡುವೆಂದರೆ ಸುಮ್ಮನೆ ಕಳೆಯುವ ಹೊತ್ತಲ್ಲ, ಸಂಗೀತವನ್ನೋ ವಿಚಾರವನ್ನೋ ಅದರ ಸಲುವಾಗಿಯೇ ಅನುಭವಿಸುವ ಹೊತ್ತು. ಯಾವ ಉಪಯೋಗಕ್ಕೂ ಒದಗದ ಆನಂದಕ್ಕೆ ಅವನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗವಿದೆ. ಮನರಂಜನೆಯನ್ನು ಮಾತ್ರ ಅವನು ಆ ಜಾಗಕ್ಕೆ ಹತ್ತಗೊಡುವುದಿಲ್ಲ.

ಏಕೆ ಎನ್ನುವುದು ಅದೇ ಭಾಗದ ಕೊನೆಯ ಪುಟಗಳಲ್ಲಿ ಬಯಲಾಗುತ್ತದೆ. ಪ್ರೇಕ್ಷಕರಲ್ಲಿ ಎರಡು ಬಗೆ ಎನ್ನುತ್ತಾನೆ. ಸ್ವತಂತ್ರನೂ ಶಿಕ್ಷಿತನೂ ಆದವನು ಒಬ್ಬ. ಕೈಕಸಬಿನವರ, ಕೂಲಿಯವರ ಗುಂಪಿನ ಒರಟ ಇನ್ನೊಬ್ಬ. ಈ ಎರಡನೆಯವನ ದಣಿವಾರಿಸಲೂ ಸ್ಪರ್ಧೆ, ಪ್ರದರ್ಶನಗಳು ಇರಬೇಕು, ಅವನ ಮನಸ್ಸು ಡೊಂಕಾಗಿರುವುದರಿಂದ ಅವನಿಗಾಗಿ ನುಡಿಸುವ ಸಂಗೀತವೂ ಹಾಗೆಯೇ ಇದ್ದರೆ ಅಡ್ಡಿಯಿಲ್ಲ ಎಂಬುದು ಅವನ ಉದಾರ ಸಲಹೆ! ಮೊದಲನೆಯವನ ಬಿಡುವು ಗುಲಾಮರ ಬೆವರಿನಿಂದ ಬಂದದ್ದು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಆದ್ದರಿಂದ ಅರಿಸ್ಟಾಟಲ್‌ನ ಅನುಮಾನ ಪ್ರದರ್ಶನದ ಮೇಲಿದ್ದದ್ದಕ್ಕಿಂತ ಹೆಚ್ಚಾಗಿ ಅದನ್ನು ನೋಡುತ್ತಾ ಕುಳಿತವನ ಮೇಲೆ ಇತ್ತೆಂದು ನಾನು ಓದಿಕೊಳ್ಳುತ್ತೇನೆ.

ಪ್ಲೇಟೊ ಇದನ್ನು ಇನ್ನೂ ನೇರವಾಗಿ ಹೇಳಿದ್ದಾನೆ. ಕವಿಗಳನ್ನು ಆದರ್ಶ ರಾಜ್ಯದಿಂದ ಹೊರಗಟ್ಟಿದ ಪ್ರಸಂಗವನ್ನೇ ಎಲ್ಲರೂ ನೆನೆಯುತ್ತಾರೆ. ಆದರೆ ಈ ಚರ್ಚೆಗೆ ಹೆಚ್ಚು ಹತ್ತಿರವಾದದ್ದು ಅವನು ಮುಪ್ಪಿನಲ್ಲಿ ಬರೆದ ‘ಲಾಸ್’ ಸಂವಾದದ ಮೂರನೆಯ ಭಾಗ. ಹಿಂದಿನ ಕಾಲದಲ್ಲಿ ತಿಳಿದವರು ಕೊನೆಯವರೆಗೂ ಮೌನವಾಗಿ ಕೇಳುತ್ತಿದ್ದರು, ಗದ್ದಲ ಮಾಡುವವರನ್ನು ಕೋಲು ಹಿಡಿದವರು ಹದ್ದುಬಸ್ತಿನಲ್ಲಿಡುತ್ತಿದ್ದರು; ಆಮೇಲೆ ತಮಗೆ ಹಿಡಿಸಿದ್ದೇ ಸರಿ ಎಂಬ ನೀತಿಯನ್ನು ಕವಿಗಳೇ ಜನರಿಗೆ ಕಲಿಸಿದರು; ಉತ್ತಮರ ಆಳ್ವಿಕೆ ಹೋಗಿ ರಂಗಮಂದಿರದ ಆಳ್ವಿಕೆ ಬಂತು ಎಂದು ಅಲ್ಲಿ ದೂರುತ್ತಾನೆ. ಚಪ್ಪಾಳೆ ತಟ್ಟಿ ತೀರ್ಪು ಕೊಡಲು ಕಲಿತ ಜನ ನಾಳೆ ಕಾನೂನಿನ ಬಗ್ಗೆಯೂ ತೀರ್ಪು ಕೊಡಲು ಎದ್ದು ನಿಲ್ಲುತ್ತಾರೆ ಎಂಬ ಭಯ ಅದು.

ಆ ಭಯಕ್ಕೆ ಕಾರಣ ಏನೆಂದು ತಿಳಿಯಲು ಅಥೆನ್ಸ್‌ನಲ್ಲಿ ವಸಂತಕಾಲದಲ್ಲಿ ನಡೆಯುತ್ತಿದ್ದ, ಡಯೊನೈಸಸ್ ದೇವರ ಡಯೊನೈಸಿಯ ಹಬ್ಬವನ್ನು ನೋಡಬೇಕು. ಅಕ್ರಾಪೊಲಿಸ್ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ ಸಾವಿರಾರು ಜನ ಸೇರುತ್ತಿದ್ದರು. ಅಧೀನ ನಗರಗಳು ಕಟ್ಟಿದ ಕಪ್ಪವನ್ನು ರಂಗದ ಮೇಲೆ ತಂದು ತೋರಿಸುತ್ತಿದ್ದರು. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು ರಾಜ್ಯದ ಖರ್ಚಿನಲ್ಲಿ ಬೆಳೆದ ಹುಡುಗರು ಪ್ರಾಯಕ್ಕೆ ಬಂದಾಗ, ಅವರಿಗೆ ಕವಚ ತೊಡಿಸಿ ಅದೇ ಪ್ರೇಕ್ಷಕರ ಮುಂದೆ ನಡೆಸುತ್ತಿದ್ದರು. ಅದಾದ ಮೇಲೆ ನಾಟಕ. ಮೂವರು ಕವಿಗಳು ಒಬ್ಬೊಬ್ಬರೂ ಮೂರು ದುರಂತ ನಾಟಕಗಳನ್ನೂ ಸ್ಯಾಟಿರ್ ಎಂಬ ಹಾಸ್ಯದ ನಾಟಕವೊಂದನ್ನೂ ಆಡಿಸಬೇಕು, ಮೇಳದ ಖರ್ಚನ್ನು ಸಿರಿವಂತ ನಾಗರಿಕನೊಬ್ಬ ಹೊರಬೇಕು. ಹತ್ತು ಕುಲಗಳಿಂದ ಒಬ್ಬೊಬ್ಬರಂತೆ ಚೀಟಿಯೆತ್ತಿ ಆರಿಸಿದ ಹತ್ತು ಮಂದಿ ಸಾಮಾನ್ಯರು ತೀರ್ಪುಗಾರರು. ಕಾಲಾಂತರದಲ್ಲಿ, ಬಡವರೂ ಬರಲೆಂದು ಟಿಕೆಟ್ಟಿನ ಹಣವನ್ನು ಕೊಡುವ ಸಾರ್ವಜನಿಕ ನಿಧಿಯೂ ಬಂತು. ಇದು ಪೂಜೆಯೋ ರಾಜಕೀಯವೋ ಮನರಂಜನೆಯೋ ಎಂದು ಕೇಳಿದರೆ ಅಥೆನ್ಸಿನವನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ತತ್ತ್ವಜ್ಞಾನಿಗಳು ಅನುಮಾನಿಸಿದ್ದು ಇಷ್ಟು ದೊಡ್ಡ ಶಕ್ತಿಯನ್ನು, ಹಗುರವಾದ ಕಾಲಹರಣವನ್ನಲ್ಲ.

ನೇತ್ರಾವತಿ ತೀರ

ರಂಗಾಸಕ್ತರು ಗ್ರೀಕರ ಮಟ್ಟಿಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಅನುಮಾನವೆಲ್ಲ ಜನಸಾಮಾನ್ಯರ ಮೇಲಿನದೇ ಎಂದರೆ ಮುಂದಿನ ಸಾವಿರದೈನೂರು ವರ್ಷಗಳ ಕ್ರೈಸ್ತ ಚಿಂತನೆ ಅದಕ್ಕೆ ಹೊಂದುವುದಿಲ್ಲ.

ಸಂತ ಅಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ ಅಲಿಪಿಯಸ್ ಎಂಬ ಗೆಳೆಯನ ಕಥೆ ಹೇಳುತ್ತಾನೆ. ರೋಮಿನಲ್ಲಿ ಕಾನೂನು ಓದಲು ಹೋಗಿದ್ದ, ಕತ್ತಿಮಲ್ಲರ ಕಾಳಗವೆಂದರೆ ಹೇಸುತ್ತಿದ್ದ ಆ ಯುವಕನನ್ನು ಸಹಪಾಠಿಗಳು ಬಲವಂತವಾಗಿ ಅಖಾಡಕ್ಕೆ ಎಳೆದೊಯ್ಯುತ್ತಾರೆ. ದೇಹವನ್ನು ಕೂರಿಸಬಹುದು, ಮನಸ್ಸನ್ನಲ್ಲ ಎಂದು ಅವನು ಕಣ್ಣು ಮುಚ್ಚಿ ಕೂರುತ್ತಾನೆ. ಒಬ್ಬ ಬೀಳುತ್ತಾನೆ, ಜನ ಒಮ್ಮೆಲೇ ಕೂಗುತ್ತಾರೆ. ಕಿವಿಯನ್ನು ಮುಚ್ಚಿಕೊಂಡಿರದ ಅಲಿಪಿಯಸ್ ಕುತೂಹಲ ತಾಳಲಾರದೆ ಕಣ್ಣು ತೆರೆಯುತ್ತಾನೆ, ರಕ್ತವನ್ನು ನೋಡುತ್ತಾನೆ, ನೋಟ ತಿರುಗಿಸಲಾರದೆ ತಾನೂ ಕೂಗತೊಡಗುತ್ತಾನೆ. ಮತ್ತೆ ಬರುವಾಗ ಇತರರನ್ನೂ ಕರೆತರುವಷ್ಟು ಅದರ ರುಚಿ ಹತ್ತುತ್ತದೆ. ಅವನು ಶಿಕ್ಷಿತ, ಒಳ್ಳೆಯ ಮನೆತನದವನು, ಮುಂದೆ ಬಿಷಪ್ ಆದವನು. ಅರಿಸ್ಟಾಟಲ್ ಎಳೆದ ಗೆರೆ ಇಲ್ಲಿ ಉಳಿಯುವುದಿಲ್ಲ. ಅಗಸ್ಟೀನ್‌ಗೆ ಕಾಣುವುದು ಎಲ್ಲರ ಒಳಗೂ ಇರುವ ಒಂದು ಬಿರುಕು.

ಪಾಸ್ಕಲ್ ಇದೇ ದಾರಿಯಲ್ಲಿ ನಡೆದವನು. ಅವನನ್ನು ಮಡಿವಂತರ ಸಾಲಿಗೆ ಸೇರಿಸುವುದು ಅನ್ಯಾಯ. ನಾಟಕಶಾಲೆಗಳು ಪಾಪದ ಮನೆಗಳೆಂದು ಗುಡುಗಿದವರು ಬೇರೆ. 1642ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಅವನ್ನು ಮುಚ್ಚಿಸಿದಾಗ, 1660ರಲ್ಲಿ ರಾಜಪ್ರಭುತ್ವ ಮರಳುವವರೆಗೂ ಅವರ ಮಾತೇ ನಡೆಯಿತು. ಪಾಸ್ಕಲ್ ಕೇಳುವುದು ಇನ್ನೊಂದು ಪ್ರಶ್ನೆ. ದಿನವೆಲ್ಲ ಮೊಲದ ಬೆನ್ನಟ್ಟುವವನಿಗೆ ಅದೇ ಮೊಲವನ್ನು ಉಡುಗೊರೆಯಾಗಿ ಕೊಟ್ಟರೆ ಬೇಡ ಎನ್ನುತ್ತಾನೆ. ಜೂಜುಗಾರನಿಗೆ, ಇವತ್ತು ಗೆಲ್ಲಬಹುದಾದ ಹಣವನ್ನು ಬೆಳಿಗ್ಗೆಯೇ ಕೊಡುತ್ತೇವೆ, ಆಡಬೇಡ ಎಂದರೆ ಅವನು ದುಃಖಿಯಾಗುತ್ತಾನೆ; ಹಣವಿಲ್ಲದೆ ಸುಮ್ಮನೆ ಆಡು ಎಂದರೆ ಬೇಸರಪಡುತ್ತಾನೆ. ಹಾಗಾದರೆ ಅವನಿಗೆ ಬೇಕಾದದ್ದು ಏನು? ತನ್ನ ಸಾವನ್ನೂ ಅಲ್ಪತನವನ್ನೂ ಯೋಚಿಸದಂತೆ ತಡೆಯುವ ಗಲಾಟೆ. ರಾಜನ ಸುತ್ತ ಸದಾ ಜನ ಇರುವುದು ಅವನು ಒಂಟಿಯಾಗಿ ತನ್ನ ಬಗ್ಗೆ ಯೋಚಿಸದಿರಲಿ ಎಂದೇ ಎನ್ನುತ್ತಾನೆ ಪಾಸ್ಕಲ್. ಈ ವಾದದಲ್ಲಿ ಬೇಟೆ, ಜೂಜು, ಯುದ್ಧ, ಮಂತ್ರಿಪದವಿ ಎಲ್ಲವೂ ಮನರಂಜನೆಯೇ. ಕೆಲಸ ಮೇಲು, ವಿನೋದ ಕೀಳು ಎಂಬ ಲೆಕ್ಕವನ್ನೇ ಅವನು ಅಳಿಸಿಹಾಕುತ್ತಾನೆ. ನಿಮ್ಮ ಪಟ್ಟಿಯ ಮೂವರಲ್ಲಿ ನನಗೆ ಹೆಚ್ಚು ಇಷ್ಟವಾಗುವವನು ಇವನೇ.

ಜಿನೀವಾದಲ್ಲಿ ಹುಟ್ಟಿದ ಚಿಂತಕ ರೂಸೊನನ್ನೂ ಸೇರಿಸಬೇಕು. 1757ರಲ್ಲಿ ಫ್ರೆಂಚ್ ವಿಶ್ವಕೋಶದ ಏಳನೆಯ ಸಂಪುಟದಲ್ಲಿ ಅದರ ಸಂಪಾದಕರಲ್ಲೊಬ್ಬನಾದ ದಲಾಂಬೇರ್, ಜಿನೀವಾ ನಗರಕ್ಕೊಂದು ನಾಟಕಶಾಲೆ ಬೇಕೆಂದು ಬರೆದ. ಮರುವರ್ಷ ರೂಸೊ ಅದಕ್ಕೆ ಪುಸ್ತಕದಷ್ಟು ಉದ್ದದ ಪತ್ರದಲ್ಲಿ ಉತ್ತರ ಕೊಟ್ಟ. ರಂಗಮಂದಿರದಲ್ಲಿ ನಾವು ಒಟ್ಟಿಗೆ ಸೇರಿದ್ದೇವೆ ಎಂದುಕೊಳ್ಳುತ್ತೇವೆ, ವಾಸ್ತವದಲ್ಲಿ ಪ್ರತಿಯೊಬ್ಬನೂ ಅಲ್ಲಿ ಒಂಟಿ. ಕಟ್ಟುಕಥೆಯ ದುಃಖಕ್ಕೆ ಅತ್ತು ಹಗುರಾಗಿ, ನೆರೆಯವನ ದುಃಖಕ್ಕೆ ಏನೂ ಮಾಡದೆ ಮನೆಗೆ ಹೋಗುತ್ತೇವೆ ಎಂಬುದು ಅವನ ಆಕ್ಷೇಪ. ಹೀಗೆ ಬರೆದವನೇ 1752ರಲ್ಲಿ ಫಾಂಟೆನ್‌ಬ್ಲೋ ಅರಮನೆಯಲ್ಲಿ ಹದಿನೈದನೆಯ ಲೂಯಿಯ ಮುಂದೆ ತನ್ನ ಸಂಗೀತ ನಾಟಕವನ್ನು ಆಡಿಸಿ ಹೆಸರು ಮಾಡಿದ್ದ ಎಂಬುದನ್ನು ವಿರೋಧಿಗಳು ಬಿಟ್ಟುಕೊಡಲಿಲ್ಲ, ಬಿಡಿ. ಆದರೆ ಆ ಪತ್ರ ವಿನೋದವನ್ನೇ ಬೇಡವೆನ್ನುವುದಿಲ್ಲ. ಕತ್ತಲೆಯ ಕೋಣೆ ಬೇಡ, ಬಯಲಿನಲ್ಲಿ ಹಬ್ಬ ಬೇಕು ಎನ್ನುತ್ತದೆ. ಬಾಲ್ಯದಲ್ಲಿ ಸೇಂಟ್ ಜೆರ್ವೆ ಚೌಕದಲ್ಲಿ ಕಂಡ ಒಂದು ರಾತ್ರಿಯನ್ನು ಅಲ್ಲಿ ನೆನೆಯುತ್ತಾನೆ: ಕವಾಯತು ಮುಗಿಸಿ ಊಟ ಮಾಡಿದ ಸೈನಿಕರು ಕಾರಂಜಿಯ ಸುತ್ತ ಕೈಕೈ ಹಿಡಿದು ಕುಣಿಯುತ್ತಾರೆ, ಕಿಟಕಿಯಿಂದ ನೋಡುತ್ತಿದ್ದ ಹೆಂಗಸರು ತಡೆಯಲಾರದೆ ಕೆಳಗಿಳಿದು ಬರುತ್ತಾರೆ, ಮಕ್ಕಳು ಎದ್ದು ಓಡಿ ಬರುತ್ತಾರೆ. ನೋಡುವವನು ಬೇರೆ, ಆಡುವವನು ಬೇರೆ ಎಂಬ ಭೇದ ಅಲ್ಲಿಲ್ಲ. ಮನರಂಜನೆಗೆ ತನ್ನದೇ ಬೆಲೆ ಕೊಟ್ಟವರು ಯಾರು ಎಂದು ಕೇಳಿದಿರಲ್ಲ, ಈ ಅರ್ಥದಲ್ಲಿ ರೂಸೊ ಕೊಟ್ಟಿದ್ದಾನೆ.

ಬಯಲುಸೀಮೆ

ತತ್ತ್ವಜ್ಞಾನಿಗಳನ್ನಷ್ಟೇ ಓದಿದರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ನಾವು ಇಂದು ಮನರಂಜನೆ ಎಂದು ಕರೆಯುವುದು, ಅಂದರೆ ಕೆಲಸ ಮುಗಿದ ಮೇಲೆ ದುಡ್ಡು ಕೊಟ್ಟು ಕೊಳ್ಳುವ ಹೊತ್ತು, ಕಾರ್ಖಾನೆಯ ಗಡಿಯಾರದ ಜೊತೆಗೆ ಬೆಳೆದದ್ದು. ಬ್ರಿಟನ್ನಿನ 1850ರ ಕಾರ್ಖಾನೆ ಕಾಯಿದೆ ಜವಳಿ ಗಿರಣಿಗಳ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ನಂತರ ಬಿಡುವು ಕೊಟ್ಟಿತು. ಮುಂದೆ ಶನಿವಾರದ ಅರ್ಧ ರಜೆ ಉಳಿದವರಿಗೂ ಹರಡಿದಂತೆ ಫುಟ್‌ಬಾಲ್ ಪಂದ್ಯಗಳ ಹೊತ್ತು ಅದೇ ಮಧ್ಯಾಹ್ನಕ್ಕೆ ನಿಂತಿತು.

ಉಚ್ಚ ಕಲೆ ಮತ್ತು ಅಗ್ಗದ ಮನರಂಜನೆ ಎಂಬ ಗೋಡೆಯೂ ನಾವು ಭಾವಿಸುವಷ್ಟು ಹಳೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಅಮೆರಿಕದಲ್ಲಿ ಷೇಕ್ಸ್‌ಪಿಯರ್ ಎಲ್ಲರ ನಾಟಕಕಾರ. ಅವನ ದುರಂತ ನಾಟಕದ ನಡುವೆ ಹಾಡು, ಕುಣಿತ, ಕೊನೆಗೊಂದು ಪ್ರಹಸನ ಸೇರಿ ಒಂದೇ ರಾತ್ರಿಯ ಆಟ. 1849ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಆಸ್ಟರ್ ಪ್ಲೇಸ್ ಒಪೆರಾ ಮಂದಿರದಲ್ಲಿ ಇಂಗ್ಲಿಷ್ ನಟ ಮ್ಯಾಕ್ರೀಡಿ ಮ್ಯಾಕ್‌ಬೆತ್ ಪಾತ್ರ ವಹಿಸಿದ್ದ. ಎಡ್ವಿನ್ ಫಾರೆಸ್ಟ್ ಎಂಬ ಅಮೆರಿಕನ್ ನಟನ ಅಭಿಮಾನಿಗಳಾದ ದುಡಿಯುವ ಜನಕ್ಕೆ ಆ ಮಂದಿರವೂ ಅಲ್ಲಿನ ಸಿರಿವಂತರ ಉಡುಪಿನ ಕಟ್ಟಳೆಯೂ ಮೊದಲೇ ಕಣ್ಣುರಿ. ಮೇ 7ರಂದು ಮೊಟ್ಟೆ, ಆಲೂಗೆಡ್ಡೆ, ಕೊನೆಗೆ ಕುರ್ಚಿಗಳು ರಂಗಕ್ಕೆ ಹಾರಿದವು. ಮ್ಯಾಕ್ರೀಡಿ ಊರು ಬಿಡಲು ಹೊರಟಾಗ ನಗರದ ಗಣ್ಯರು ಸಹಿ ಹಾಕಿ ತಡೆದರು; ಸಹಿ ಹಾಕಿದವರಲ್ಲಿ ಕಾದಂಬರಿಕಾರ ಹರ್ಮನ್ ಮೆಲ್ವಿಲ್ ಕೂಡ ಇದ್ದ. ಮೇ 10ರ ರಾತ್ರಿ ಹೊರಗೆ ಸಾವಿರಾರು ಜನ ಸೇರಿ ಕಲ್ಲು ತೂರಿದರು, ಸೇನೆ ಗುಂಡು ಹಾರಿಸಿತು, ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಷೇಕ್ಸ್‌ಪಿಯರ್ ಯಾರಿಗೆ ಸೇರಿದವನು ಎಂಬ ಜಗಳದಲ್ಲಿ ಹೆಣ ಬಿದ್ದ ಮೇಲೆ, ಶತಮಾನದ ಉಳಿದರ್ಧದಲ್ಲಿ ಅವನು ಸದ್ದಿಲ್ಲದೆ ಕೂತು ನೋಡುವವರ ಪಾಲಾದ. ಮನರಂಜನೆ ಎಂಬ ಹೆಸರು ಉಳಿದವರು ನೋಡುವುದಕ್ಕೆ ಬಿತ್ತು. ಅನುಮಾನ ನೋಡುವವನ ಮೇಲೆ ಎಂಬ ರಂಗಾಸಕ್ತರ ಮಾತು ಇಲ್ಲಂತೂ ನಿಜ.

ಸಂಜೆಪುಟ

ಅಡಾರ್ನೊ ಮತ್ತು ಹೋರ್ಕ್‌ಹೈಮರ್ ಪರವಾಗಿ ಒಂದೆರಡು ಮಾತು. ಜನ ದಡ್ಡರು ಎಂದು ಅವರು ಬರೆದಿದ್ದಾರೆಂಬುದು ಓದದವರು ಹಬ್ಬಿಸಿದ ಸುದ್ದಿ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಲಾಸ್ ಏಂಜಲೀಸ್‌ನಲ್ಲಿ, ಹಾಲಿವುಡ್ಡಿನ ಪಕ್ಕದಲ್ಲೇ ನೆಲೆಸಿ ಅವರು ಬರೆದ ಪುಸ್ತಕ 1947ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಯಂತ್ರದ ಮುಂದೆ ದುಡಿದು ಬಂದವನು ಆ ಯಂತ್ರವನ್ನು ಮರೆಯಲು ಸಿನಿಮಾಕ್ಕೆ ಹೋಗುತ್ತಾನೆ. ಅಲ್ಲಿಯೂ ಮುಂದಿನದು ಏನೆಂದು ಮೊದಲೇ ಗೊತ್ತಿರುವ, ಯೋಚಿಸುವ ಶ್ರಮವನ್ನೇ ಕೇಳದ, ಅಚ್ಚಿನಲ್ಲಿ ಎರಕ ಹೊಯ್ದ ಸರಕು ಅವನಿಗೆ ಸಿಗುತ್ತದೆ, ನಾಳೆ ಮತ್ತೆ ಅದೇ ಯಂತ್ರದ ಮುಂದೆ ನಿಲ್ಲಲು ಅವನನ್ನು ಅಣಿಗೊಳಿಸುತ್ತದೆ ಎಂಬುದು ಅವರ ವಾದ. ಅವರ ಮುಖ್ಯ ದೂರು, ಈ ಉದ್ಯಮ ಸುಖ ಕೊಡುತ್ತದೆ ಎಂಬುದಲ್ಲ. ಸುಖದ ಆಸೆ ತೋರಿಸಿ ಕೊಡದೆ ಮೋಸ ಮಾಡುತ್ತದೆ ಎಂಬುದು. ಸರ್ಕಸ್ಸಿನ ಅಸಂಬದ್ಧತೆಯ ಬಗ್ಗೆ, ಯಾವ ಅರ್ಥಕ್ಕೂ ಕಟ್ಟುಬೀಳದ ಕಸರತ್ತಿನ ಬಗ್ಗೆ ಅವರಿಗೆ ಗೌರವವೇ ಇದೆ. ಅವರ ವಾದದ ಕೊರತೆ ಬೇರೆ ಕಡೆ ಇದೆ: ಸಿನಿಮಾ ನೋಡಿ ಬಂದವನು ಅದನ್ನು ತಲೆಯಲ್ಲಿ ಏನು ಮಾಡಿಕೊಳ್ಳುತ್ತಾನೆ ಎಂದು ಅವರು ಹೋಗಿ ಕೇಳಲಿಲ್ಲ. 1926ರಲ್ಲೇ ಬರ್ಲಿನ್ನಿನ ಚಿತ್ರಮಂದಿರಗಳ ಬಗ್ಗೆ ಬರೆದ ಜರ್ಮನ್ ಲೇಖಕ ಕ್ರಾಕವರ್ ಹೆಚ್ಚು ಉದಾರಿ. ಗುಮಾಸ್ತರ ಗುಂಪು ಬಯಸುವ ಚೂರುಚೂರಾದ ರಂಜನೆಯಲ್ಲಿ ಆ ಕಾಲದ ನಿಜಸ್ಥಿತಿ ಪ್ರಾಮಾಣಿಕವಾಗಿ ಕಾಣುತ್ತದೆ, ಅದನ್ನು ಉಚ್ಚ ಕಲೆಯ ಪೋಷಾಕಿನಲ್ಲಿ ಮುಚ್ಚಿದಾಗಲೇ ಸುಳ್ಳು ಶುರು ಎಂದು ಅವನು ವಾದಿಸಿದ.

ಆದರೆ ಓದುಮನೆಯವರ ಪ್ರಶ್ನೆಗೆ ನೇರ ಉತ್ತರ ಇರುವುದು ಜರ್ಮನಿಯಿಂದ ಅಮೆರಿಕಕ್ಕೆ ಬಂದ ಚಿಂತಕಿ ಹನ್ನಾ ಅರೆಂಟ್ ಬಳಿ. 1960ರ ಸುಮಾರಿಗೆ ಸಂಸ್ಕೃತಿಯ ಬಿಕ್ಕಟ್ಟಿನ ಬಗ್ಗೆ ಬರೆದ ಪ್ರಬಂಧದಲ್ಲಿ ಅವರು ಮನರಂಜನೆಯನ್ನು ದೂಷಿಸುವುದೇ ಇಲ್ಲ. ದುಡಿಮೆಗೂ ನಿದ್ದೆಗೂ ನಡುವೆ ಉಳಿಯುವ ಹೊತ್ತು ತುಂಬಬೇಕು, ಅದನ್ನು ತುಂಬುವ ವಸ್ತುಗಳು ಅನ್ನದಂತೆ ಖರ್ಚಾಗಿ ಮುಗಿಯುವಂಥವು, ತಾಜಾ ಆಗಿದ್ದರೆ ಸಾಕು. ಇದು ಎಲ್ಲರಿಗೂ ಬೇಕು, ತನಗೆ ಬೇಡ ಎನ್ನುವವನದು ಬೂಟಾಟಿಕೆ ಅಥವಾ ಪ್ರತಿಷ್ಠೆ. ಅಪಾಯ ಬರುವುದು, ಉಳಿಯಲೆಂದು ಮಾಡಿದ ಕೃತಿಗಳನ್ನು ಮುರಿದು, ಅರೆದು, ಸುಲಭವಾಗಿ ನುಂಗುವಂತೆ ಮಾಡಿದಾಗ. ಶತಮಾನಗಳ ಮರವೆಯನ್ನು ದಾಟಿ ಬಂದ ಕೃತಿ ತನ್ನದೇ ರಂಜಕ ರೂಪವನ್ನು ದಾಟಿ ಉಳಿಯುತ್ತದೆಯೇ ಎಂಬುದು ಅವರ ಆತಂಕ. ಮನರಂಜನೆಗೆ ಅದರ ಜಾಗವನ್ನು ಕೊಟ್ಟು, ಆ ಜಾಗದಿಂದ ಆಚೆ ಕಾಲಿಡಬೇಡ ಎನ್ನುವ ನಿಲುವು ಇದು. ಪಶ್ಚಿಮದ ಚಿಂತಕರಲ್ಲಿ ಇಷ್ಟು ಸಮಚಿತ್ತ ಅಪರೂಪ.

ಓದುಮನೆ

ಎಲ್ಲರಿಗೂ ಧನ್ಯವಾದ. ಸಂಜೆಪುಟ ಅವರೇ, ಅರೆಂಟ್ ಅವರ ಗೆರೆ ನನಗೆ ಅಷ್ಟು ಗಟ್ಟಿಯಾಗಿ ಕಾಣುತ್ತಿಲ್ಲ. ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಒಂದು ಪೆನ್ನಿ ಕೊಟ್ಟವರು ನಿಂತು ನೋಡುತ್ತಿದ್ದ ಷೇಕ್ಸ್‌ಪಿಯರನ ನಾಟಕಗಳು ಅಂದಿನ ಮಧ್ಯಾಹ್ನದ ಸರಕೇ ಆಗಿದ್ದವು. ಅವೇ ಈಗ ಉಳಿಯಲೆಂದು ಮಾಡಿದ ಕೃತಿಗಳ ಸಾಲಿನಲ್ಲಿವೆ. ಹಾಗಿದ್ದರೆ ಯಾವುದು ಖರ್ಚಾಗುವಂಥದು, ಯಾವುದು ಉಳಿಯುವಂಥದು ಎಂದು ಅದು ಹುಟ್ಟಿದ ದಿನವೇ ಹೇಳುವವರು ಯಾರು?

ಕರಿಕೋಟು

ಹೇಳುವ ಕೆಲಸ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಪಾಲಿಗೆ ಬಂದಿತ್ತು, ಅದು ನಡೆದುಕೊಂಡ ರೀತಿ ಕುತೂಹಲಕರ. 1915ರಲ್ಲಿ ಓಹಿಯೊ ರಾಜ್ಯದ ಸೆನ್ಸಾರ್ ಮಂಡಳಿಯನ್ನು ಮ್ಯೂಚುಯಲ್ ಫಿಲ್ಮ್ ಕಂಪನಿ ಪ್ರಶ್ನಿಸಿದಾಗ, ಸಿನಿಮಾ ತೋರಿಸುವುದು ಲಾಭಕ್ಕಾಗಿ ನಡೆಸುವ ಶುದ್ಧ ವ್ಯಾಪಾರ, ಅದಕ್ಕೆ ಪತ್ರಿಕೆಗಳಿಗಿರುವ ರಕ್ಷಣೆ ಇಲ್ಲ ಎಂದು ನ್ಯಾಯಾಲಯ ಸರ್ವಾನುಮತದಿಂದ ಹೇಳಿತು. ಮನರಂಜನೆ ವಿಚಾರವಲ್ಲ ಎಂಬ ಹಳೆಯ ನಂಬಿಕೆಯೇ ಅಲ್ಲಿ ಕಾನೂನಾಯಿತು. 1948ರಲ್ಲಿ, ರಕ್ತಪಾತದ ಕಥೆಗಳ ಪತ್ರಿಕೆ ಮಾರಿದ ನ್ಯೂಯಾರ್ಕಿನ ವಿಂಟರ್ಸ್ ಎಂಬ ಪುಸ್ತಕ ವ್ಯಾಪಾರಿಯ ಪ್ರಕರಣದಲ್ಲಿ ದನಿ ಬದಲಾಯಿತು. ಆ ಪತ್ರಿಕೆಗಳಲ್ಲಿ ಸಮಾಜಕ್ಕೆ ಬೆಲೆಯುಳ್ಳದ್ದೇನೂ ತಮಗೆ ಕಾಣುತ್ತಿಲ್ಲ ಎಂದು ನ್ಯಾಯಮೂರ್ತಿಗಳೇ ಬರೆದರು. ಆದರೂ ತಿಳಿವಳಿಕೆ ಮತ್ತು ರಂಜನೆಯ ನಡುವಿನ ಗೆರೆ ಕೈಗೆ ಸಿಗುವಂಥದ್ದಲ್ಲ, ಒಬ್ಬನಿಗೆ ವಿನೋದವಾದದ್ದು ಇನ್ನೊಬ್ಬನಿಗೆ ಸಿದ್ಧಾಂತವನ್ನು ಕಲಿಸುತ್ತದೆ ಎಂದು ರಕ್ಷಣೆ ಕೊಟ್ಟರು. 1952ರಲ್ಲಿ ಬರ್ಸ್ಟಿನ್ ಪ್ರಕರಣದಲ್ಲಿ ಸಿನಿಮಾಕ್ಕೂ ಅದೇ ನ್ಯಾಯ ಸಿಕ್ಕಿತು, 2011ರಲ್ಲಿ ವಿಡಿಯೊ ಗೇಮ್‌ಗಳಿಗೂ. ನಮ್ಮ ಸರ್ವೋಚ್ಚ ನ್ಯಾಯಾಲಯ 1970ರಲ್ಲಿ ಕೆ. ಎ. ಅಬ್ಬಾಸ್ ಪ್ರಕರಣದಲ್ಲಿ ಸಿನಿಮಾದ ಪೂರ್ವ ಸೆನ್ಸಾರನ್ನು ಎತ್ತಿಹಿಡಿಯಿತು, ಅದು ಬೇರೆಯೇ ಚರ್ಚೆ.

ವಿಂಟರ್ಸ್ ತೀರ್ಪು ಮನರಂಜನೆಯನ್ನು ಹೊಗಳುವುದಿಲ್ಲ. ಗೆರೆ ಎಳೆಯುವ ಅಧಿಕಾರವನ್ನು ಸರ್ಕಾರದ ಕೈಯಿಂದ ತೆಗೆಯುತ್ತದೆ, ಅಷ್ಟೆ. ಪ್ಲೇಟೊ ಹೆದರಿದ ರಂಗಮಂದಿರದ ಆಳ್ವಿಕೆಯನ್ನು ಒಂದು ನ್ಯಾಯಾಲಯ ತಿಳಿದೂ ತಿಳಿದೂ ಒಪ್ಪಿಕೊಂಡ ಸಂದರ್ಭ ಇದೆಂದು ನನಗನ್ನಿಸುತ್ತದೆ.

ಸಂಜೆಪುಟ

ಓದುಮನೆ ಅವರೇ, ನಿಮ್ಮ ಆಕ್ಷೇಪ ಸರಿಯಾದ ಜಾಗಕ್ಕೇ ತಗಲುತ್ತದೆ. ಕೃತಿಯನ್ನು ಯಾವ ಉದ್ದೇಶದಿಂದ ಮಾಡಿದರು ಎಂಬುದು ಮುಖ್ಯವಲ್ಲ, ಅದು ಬಳಕೆಯಲ್ಲಿ ಸವೆಯದೆ ಉಳಿಯಿತೇ ಎಂಬುದು ಮುಖ್ಯ ಎಂದು ಅರೆಂಟ್ ಪರವಾಗಿ ಹೇಳಬಹುದು. ಆದರೆ ಆಗ ಅವರ ಅಳತೆಗೋಲು ಹಿಂತಿರುಗಿ ನೋಡುವುದಕ್ಕಷ್ಟೇ ಒದಗುತ್ತದೆ, ಇವತ್ತು ಬಿಡುಗಡೆಯಾದದ್ದರ ಬಗ್ಗೆ ಅದು ಏನನ್ನೂ ಹೇಳಲಾರದು.

ಅಮೆರಿಕ ಸರ್ಕಾರವೇ ಈ ತೊಡಕಿಗೆ ಒಂದು ಕಚೇರಿಯ ಪರಿಹಾರ ಕಂಡುಕೊಂಡಿದೆ. 1988ರ ಕಾಯಿದೆಯ ಪ್ರಕಾರ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರೀಯ ಚಲನಚಿತ್ರ ದಾಖಲೆಯೊಂದನ್ನು ಇಟ್ಟಿದೆ. 1989ರಿಂದ ವರ್ಷಕ್ಕೆ 25 ಚಿತ್ರಗಳನ್ನು ಸಂರಕ್ಷಣೆಗೆ ಆರಿಸುತ್ತಾರೆ, ಒಂದು ಕಾಲಕ್ಕೆ ಶುದ್ಧ ವ್ಯಾಪಾರ ಎನಿಸಿಕೊಂಡಿದ್ದ ಮೂಕಿಚಿತ್ರಗಳೂ ಅದರಲ್ಲಿವೆ. ಚಿತ್ರಕ್ಕೆ ಕನಿಷ್ಠ ಹತ್ತು ವರ್ಷ ತುಂಬಿರಬೇಕು ಎಂಬುದು ನಿಯಮ. ಆ ಹತ್ತು ವರ್ಷ ಅದು ಏನಾಗಿತ್ತು ಎಂಬ ಪ್ರಶ್ನೆಗೆ ನಿಯಮದಲ್ಲಿ ಉತ್ತರವಿಲ್ಲ, ಅರೆಂಟ್ ಅವರಲ್ಲೂ ಇಲ್ಲ.